ತರಗುಪೇಟೆಯಲ್ಲಿ ಕೊಟ್ಟ ತಾಂಬೂಲ

ಮಕ್ಕಳೇ, ನಿಮ್ಮಮ್ಮ ಗೂಡ್ಸ್ ಲಾರಿ ಓಡಿಸುತ್ತಾಳೆ ಎಂದರೆ ಶಾಲೆಯಲ್ಲಿ ಯಾರೂ ನಂಬಲಿಲ್ಲವೆಂದು ಮೊನ್ನೆ ಮುಖ ಊದಿಸಿಕೊಂಡು ಬಂದಿರಿ. ಆ ಕೆಲಸ ಅವಳಿಗೆ ಸಿಕ್ಕಿದ ದಿನ ನಾನು ಜೊತೆಯಲ್ಲೇ ಇದ್ದೆ. ಕೂತು ಹೇಳೋಣವೆಂದರೆ ನಾಲ್ಕು ಜನ ನನ್ನನ್ನೇ ನೋಡುವಾಗ ಮಾತು ಗಂಟಲಲ್ಲಿ ನಿಂತುಬಿಡುತ್ತದೆ. ಊರಿನ ಶಾಲೆಯಲ್ಲಿ ಕಲಿತ ಅಕ್ಷರ ಇದೆಯಲ್ಲ, ಬರೆದೇ ಹೇಳುತ್ತೇನೆ.

ಮೊದಲು ಅವಳು ಮಕ್ಕಳನ್ನು ಶಾಲೆಗೆ ಬಿಡುವ ವ್ಯಾನು ಓಡಿಸುತ್ತಿದ್ದಳು. ಶಾಲೆಯವರು ಬಸ್ಸು ತಂದ ಮೇಲೆ ವ್ಯಾನು ನಿಂತಿತು. ಅಡುಗೆ, ಬಟ್ಟೆ, ಪಾತ್ರೆ ಎಲ್ಲವನ್ನೂ ಬೇಗ ಮುಗಿಸಿ ನಮ್ಮ ಚಾಮರಾಜಪೇಟೆಯ ವಠಾರದ ಬಾಗಿಲಲ್ಲಿ ನಿಂತು ಹೋಗುವ ಬರುವ ಗಾಡಿಗಳನ್ನು ನೋಡುತ್ತಿದ್ದಳು. ಯಾರಾದರೂ ಗೇರು ಸರಿಯಾಗಿ ಹಾಕದೆ ಗಾಡಿ ಕರ್ರೆಂದರೆ, ತನ್ನ ಕಾಲನ್ನೇ ತುಳಿದ ಹಾಗೆ ಮುಖ ಸಿಂಡರಿಸುತ್ತಿದ್ದಳು. ಮಾತು ಕಡಿಮೆಯಾಗಿತ್ತು. ಮನೆಯಲ್ಲಿ ಮಾತಾಡದಿರುವವಳು ನಾನೊಬ್ಬಳು ಸಾಲದೆ ಎಂದು ನನಗೆ ಚಿಂತೆ.

ಒಂದು ದಿನ ಬೇಳೆ ತರಲು ತರಗುಪೇಟೆಗೆ ಹೋದವಳು ಒಂದು ಮಂಡಿಯ ಮುಂದೆ ‘ಡ್ರೈವರ್ ಬೇಕಾಗಿದ್ದಾರೆ’ ಎಂಬ ಬೋರ್ಡು ಕಂಡು ಒಳಗೇ ಹೋಗಿ ಕೇಳಿದಳಂತೆ. ಮಂಡಿಯ ಸಾಹುಕಾರರು ಲೈಸೆನ್ಸ್ ತಿರುಗಿಸಿ ಮುರುಗಿಸಿ ನೋಡಿ, “ಮನೇಲಿ ದೊಡ್ಡೋರು ಯಾರಮ್ಮ?” ಎಂದರಂತೆ. ಅತ್ತೆ ಎಂದದ್ದಕ್ಕೆ, “ಅವರನ್ನ ಕರ್ಕೊಂಡು ಬಾ.”

ನಾನೇ ಬರುತ್ತೇನೆ ಎಂದು ನಿಮ್ಮಪ್ಪ ಪ್ರೆಸ್ಸಿನಿಂದ ಫೋನು ಮಾಡಿದ. ಸಾಹುಕಾರರು ಒಪ್ಪಲಿಲ್ಲ. “ಗಂಡ ಇವತ್ತು ಹೂಂ ಅಂತಾನೆ. ನಾಳೆ ಅವನ ತಾಯಿ ಅಳ್ತಾರೆ. ನಾಡಿದ್ದು ನನಗೆ ಡ್ರೈವರ್ ಇರಲ್ಲ. ಅತ್ತೇನೇ ಬರ್ಲಿ.”

ನಿಮ್ಮ ತಾತ ಇರುವವರೆಗೆ ಇಂಥ ಮಾತೆಲ್ಲ ಅವರೇ ಆಡುತ್ತಿದ್ದರು. ನಾನು ಬಾಗಿಲ ಹಿಂದೆ. ಆದರೂ ಹೊರಟೆ. ನಮ್ಮ ಕಡೆ ಮನೆಯ ಹೆಣ್ಣಿನ ವಿಷಯ ಮಾತಾಡಲು ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ ಚೀಲಕ್ಕೆ ಹಾಕಿಕೊಂಡೆ.

“ಅತ್ತೆ, ಕೆಲಸ ಕೇಳೋಕೆ ಹೋಗ್ತಿರೋದು, ಸೀಮಂತಕ್ಕಲ್ಲ,” ಎಂದು ನಿಮ್ಮಮ್ಮ ನಕ್ಕಳು.

“ಇರ್ಲಿ ಬಾರೆ. ಕೆಲಸ ಆದ್ರೆ ನಿನ್ನ ಕೈಲಿ ಕೊಡಿಸ್ತೀನಿ.”

ತಾಂಬೂಲವನ್ನು ನಾನು ಕೊಡಬಾರದು ಎಂಬುದು ನನ್ನ ಮನಸ್ಸಿನಲ್ಲಿತ್ತು. ಕುಂಕುಮವಿಲ್ಲದ ಹಣೆಯವಳು ಮುಂದೆ ನಿಂತು ಕೊಟ್ಟರೆ ಮುಖ ತಿರುಗಿಸುವವರನ್ನು ನೋಡಿದ್ದೆ.

ಮಂಡಿಯಲ್ಲಿ ಸಾಹುಕಾರರು ಹಣೆಗೆ ವಿಭೂತಿ ಹಚ್ಚಿ ಗಾದಿಯ ಮೇಲೆ ಕೂತಿದ್ದರು. ಬೇಳೆಯ ಧೂಳಿಗೆ ನನಗೆ ಸೀನು. ಅವರು ನನಗೆ ಕುರ್ಚಿ ಹಾಕಿಸಿ ನಿಮ್ಮಮ್ಮನ ಕೈಗೆ ಬೀಗದ ಕೈ ಕೊಟ್ಟರು. ಹೊರಗೆ ನಿಂತಿದ್ದ ಸಣ್ಣ ಲಾರಿಯನ್ನು ಹಿಂದಕ್ಕೆ ತಂದು ಗೋದಾಮಿನ ಬಾಗಿಲಿಗೆ ನಿಲ್ಲಿಸಬೇಕು. ಇಕ್ಕಟ್ಟಿನ ಓಣಿ. ಎರಡೂ ಕಡೆ ಮೂಟೆ, ತಳ್ಳುಗಾಡಿ. ಹೆಂಗಸು ಗಾಡಿ ಹತ್ತಿದ್ದೇ ತಡ, ಓಣಿಯಲ್ಲಿದ್ದ ಗಂಡಸರೆಲ್ಲ ಮೇಷ್ಟ್ರಾದರು.

“ಬರ್ಲಿ, ಬರ್ಲಿ!”

“ಲೆಫ್ಟ್ ಹೊಡಿಯಮ್ಮ!”

“ಲೆಫ್ಟಲ್ಲ, ರೈಟ್! ಏಯ್, ರೈಟ್ ರೈಟ್!”

ನಿಮ್ಮಮ್ಮ ಇಂಜಿನ್ ಆಫ್ ಮಾಡಿ ತಲೆ ಹೊರಗೆ ಹಾಕಿದಳು. “ಯಾರಾದ್ರೂ ಒಬ್ರು ಹೇಳಿ ಅಣ್ಣಾ. ಎಲ್ರೂ ಹೇಳಿದ್ರೆ ನಾನು ಯಾರು ಹೇಳಿದ ಗೋಡೆಗೆ ಗುದ್ದಲಿ?”

ಮೂಟೆ ಹೊರುವವರೆಲ್ಲ ಗೊಳ್ಳೆಂದು ನಕ್ಕರು. ಅವರ ಮೇಸ್ತ್ರಿ, ನರೆತ ಮೀಸೆಯವರು, “ಲೇ, ಸುಮ್ನಿರ್ರೋ” ಎಂದು ಗದರಿದರು. ಆಮೇಲೆ ಅವಳು ಕನ್ನಡಿ ನೋಡಿಕೊಂಡೇ ಗಾಡಿಯನ್ನು ಹಿಂದೆ ತಂದು ನಿಲ್ಲಿಸಿದಳು. ಒಂದು ಮೂಟೆಗೂ ತಾಗಲಿಲ್ಲ.

ಸಾಹುಕಾರರು ನನ್ನ ಕಡೆ ತಿರುಗಿದರು. “ಗಾಡಿ ಸರಿ. ನೀವು ಒಪ್ಪಿದೀರಾ ತಾಯಿ?”

ತಲೆಯಾಡಿಸಿದೆ.

“ಹಾಗಲ್ಲ, ಬಾಯಿಬಿಟ್ಟು ಹೇಳ್ಬೇಕು.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬೆವರಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡದ್ದು ಮರೆತೇಹೋಯಿತು. “ಒಪ್ಪಿದೀನಿ. ಚೆನ್ನಾಗಿ ಓಡಿಸ್ತಾಳೆ. ಅವಳ ವ್ಯಾನಲ್ಲಿ ಲೋಟ ಹಿಡ್ಕೊಂಡು ಕೂತ್ರೂ ಕಾಫಿ ಚೆಲ್ಲಲ್ಲ,” ಎಂದೆ.

ಅವರು ನಕ್ಕರು. ಆದರೆ ಕಣ್ಣು ಓಣಿಯ ಕಡೆ ಹೋಯಿತು. ಎದುರು ಮಂಡಿಯವರು ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು. ಪೇಟೆಯವರು ಏನಂದುಕೊಳ್ಳುತ್ತಾರೋ ಎಂದು ಅವರಿಗೂ ಅಳುಕು ಇದ್ದಿರಬೇಕು.

“ಆಗ್ಲಿ ತಾಯಿ. ಹಬ್ಬ ಕಳೀಲಿ, ಹೇಳಿ ಕಳಿಸ್ತೀನಿ.”

ಹೇಳಿ ಕಳಿಸ್ತೀನಿ ಎಂದರೆ ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹುಡುಗಿಯಾಗಿದ್ದಾಗ ನನ್ನನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು ಕೈ ತೊಳೆದು ಹೀಗೇ ಹೇಳಿ ಹೋಗುತ್ತಿದ್ದರು. ಗಾಡಿಯಿಂದ ಇಳಿದು ಬಂದಿದ್ದ ನಿಮ್ಮಮ್ಮನಿಗೂ ಗೊತ್ತಾಯಿತು. ಬೀಗದ ಕೈಯನ್ನು ಗಾದಿಯ ಅಂಚಿನಲ್ಲಿ ಸದ್ದಾಗದ ಹಾಗೆ ಇಟ್ಟು, “ಬರ್ತೀವಿ ಸಾರ್,” ಎಂದಳು.

ಎದ್ದು ನಿಂತರೆ ಕೈಯಲ್ಲಿ ಚೀಲ. ತಂದ ತಾಂಬೂಲವನ್ನು ಕೊಡದೆ ತಿರುಗಿ ಮನೆಗೆ ಒಯ್ಯುವುದು ನನಗೆ ಗೊತ್ತಿಲ್ಲ. ಕೆಲಸ ಆಗಲಿ ಬಿಡಲಿ, ಕೂರಿಸಿ ಮಾತಾಡಿಸಿದ್ದಾರೆ. ನಿಮ್ಮಮ್ಮ ಆಗಲೇ ಹೊಸ್ತಿಲು ದಾಟಿದ್ದಳು. ಕೊಡಬಹುದೋ ಬಾರದೋ ಎಂದು ಯೋಚಿಸಿದರೆ ನಿಂತುಬಿಡುತ್ತೇನೆಂದು, ತಲೆ ತಗ್ಗಿಸಿಕೊಂಡು ಎಲೆ ಅಡಿಕೆ ಹಣ್ಣು ಕಾಯಿ ತೆಗೆದು ಮುಂದೆ ಹಿಡಿದೆ.

ಸಾಹುಕಾರರು ಗಾದಿಯಿಂದ ಎದ್ದರು. ಹೆಗಲ ಮೇಲಿನ ವಸ್ತ್ರವನ್ನು ಕೈಗೆ ಹರಡಿಕೊಂಡು, ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಅವರ ಕೈ ತಾನಾಗಿಯೇ ಮುಂದೆ ಬಂತು.

ಮೇಸ್ತ್ರಿ ಮೀಸೆ ಸವರಿಕೊಂಡರು. “ಮುಗೀತು ಬಿಡಿ. ತಾಂಬೂಲ ತಗೊಂಡ್ರಲ್ಲ! ಇನ್ನು ಹೇಳಿ ಕಳ್ಸೋದೇನು ಸಾವ್ಕಾರ್ರೇ, ಲಗ್ನ ಯಾವಾಗ ಅಂತ ಹೇಳಿ.”

ಓಣಿಯೆಲ್ಲ ನಗು. ಸಾಹುಕಾರರು ಕೈಯಲ್ಲಿದ್ದ ಕಾಯಿಯನ್ನು ನೋಡಿದರು, ನನ್ನನ್ನು ನೋಡಿದರು. “ಏನ್ ತಾಯಿ, ನನ್ನ ಸಿಕ್ಕಿಸ್ಬಿಟ್ರಲ್ಲ! ಮಗನಿಗೆ ಹೆಣ್ಣು ನೋಡಿದಾಗ್ಲೂ ನಾನು ಇಷ್ಟು ಬೇಗ ತಗೊಂಡಿರ್ಲಿಲ್ಲ.”

“ಅಯ್ಯೋ, ಹಾಗಲ್ಲ... ವಾಪಸ್ ಬೇಕಾದ್ರೆ...” ಎಂದೆ. ಏನು ಹೇಳಿದೆನೋ ನನಗೇ ತಿಳಿಯಲಿಲ್ಲ.

“ದೊಡ್ಡೋರು ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೊಡ್ತಾರಾ?” ಗಾದಿಯ ಪಕ್ಕದ ದೇವರ ಪಟದ ಮುಂದೆ ಎಲ್ಲವನ್ನೂ ಇಟ್ಟು ಕೈಮುಗಿದರು. ಆಮೇಲೆ ಎದುರು ಮಂಡಿಗೂ ಕೇಳುವ ಹಾಗೆ ಕೂಗಿದರು. “ಬಾಮ್ಮ ಒಳಗೆ! ಗಾಂಧಿಬಜಾರಿಗೆ ಬೇಳೆ ಹೋಗ್ಬೇಕು. ಇವತ್ತೇ ಶುರು ಮಾಡು.”

ನಾನು ಜಾಣತನ ಮಾಡಿದೆನೆಂದು ನಿಮ್ಮಪ್ಪ ಈಗಲೂ ರೇಗಿಸುತ್ತಾನೆ. ಇಲ್ಲ ಮಕ್ಕಳೇ. ನನ್ನ ಕೈಯಿಂದ ಒಬ್ಬರು ಮುಖ ತಿರುಗಿಸದೆ ತಾಂಬೂಲ ತೆಗೆದುಕೊಂಡರಲ್ಲ, ಆಗ ನನಗೆ ಕೆಲಸದ ನೆನಪೇ ಇರಲಿಲ್ಲ.

ಮೂಟೆ ತುಂಬಿದ ಮೇಲೆ ನಿಮ್ಮಮ್ಮ ನನ್ನನ್ನೂ ಹತ್ತಿಸಿಕೊಂಡಳು. ಮೆಟ್ಟಿಲು ಎತ್ತರ, ಮೇಸ್ತ್ರಿ ಒಂದು ಮರದ ಪೆಟ್ಟಿಗೆ ತಂದಿಟ್ಟರು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡೆ, ಮುಚ್ಚಿಕೊಳ್ಳಲಿಲ್ಲ. ಮತ್ತೆ ಎಳೆದೆ.

“ಜೋರಾಗಿ ಎಳೀರಿ ಅತ್ತೆ. ಗಾಡಿಗೇನೂ ನೋವಾಗಲ್ಲ.”

ಎರಡೂ ಕೈ ಹಾಕಿ ಎಳೆದೆ. ಧಡ್ ಎಂದಿತು. ಅವಳು ಹಾರನ್ ಹೊಡೆದಳು. ಓಣಿಯ ತಳ್ಳುಗಾಡಿಗಳು ಪಕ್ಕಕ್ಕೆ ಸರಿದವು.