ಅರ್ಧಕ್ಕೆ ನಿಂತ ಪಾಠ

ಆರೋಗ್ಯ ಶಿಕ್ಷಣ ಪದವಿಯ ಕೊನೆಯ ವರ್ಷ, ಹಳ್ಳಿಯ ಹೆಂಗಸರಿಗೆ ಇಪ್ಪತ್ತು ನಿಮಿಷ ಪಾಠ ಹೇಳುವ ಪರೀಕ್ಷೆಯಿತ್ತು. ನನ್ನ ಪಾಳಿ ಸುರೇಬಾನದ ಅಂಗನವಾಡಿಯಲ್ಲಿ ಬಂತು. ಪರೀಕ್ಷಕರು ಹಿಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನನ್ನ ಅಂಗೈ ಬೆವೆತು ಚಿತ್ರದ ಹಾಳೆಗಳು ಜಾರುತ್ತಿದ್ದವು.

ಬಸುರಿಯರು ಅಲಕ್ಷ್ಯ ಮಾಡಬಾರದ ಲಕ್ಷಣಗಳನ್ನು ಗಿಳಿಯಂತೆ ಒಪ್ಪಿಸಿದೆ: ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮುಖ ಬಾತುಕೊಳ್ಳುವುದು.

ಮುಂದೆ ಕುಳಿತಿದ್ದ ತುಂಬುಬಸುರಿ ಹಸೀನಾ ಕೈ ಎತ್ತಿದಳು. "ಅಕ್ಕಾರ, ನೀವು ಹೇಳಿದ್ದೆಲ್ಲಾ ನನಗ ಎರಡು ದಿನದಿಂದ ಆಗಾಕತ್ತೈತ್ರಿ. ನಿಮ್ಮ ಚಿತ್ರನೂ ಎರಡೆರಡು ಕಾಣಾಕತ್ತಾವು."

ಪಕ್ಕದಲ್ಲಿದ್ದ ಅವಳ ಅತ್ತೆ, "ಬಿಸಲಿಗೆ ಹಂಗಾಗಿರತೈತಿ, ನೀವು ಮುಂದ ಹೇಳ್ರಿ" ಎಂದರು.

ಮುಂದೆ ಹೇಳಿದ್ದರೆ ನಾನು ಪಾಸು. ಚೀಲದಲ್ಲಿದ್ದ ಬಿಪಿ ಮಷಿನ್ನಿನ ಪಟ್ಟಿಯನ್ನು ಅವಳ ತೋಳಿಗೆ ಸುತ್ತಿದೆ. ಮೇಲಿನ ಅಂಕಿ ನೂರಾ ಎಪ್ಪತ್ತು ದಾಟಿತ್ತು.

"ಸರ್, ಪಾಠ ಇಲ್ಲಿಗೇ ಬಿಡ್ತೇನ್ರಿ" ಎಂದೆ.

ಅವರು ಎದ್ದು ಹೋಗಿ ತಮ್ಮ ಕಾರಿನ ಬಾಗಿಲು ತೆಗೆದರು.

ಎಲ್ಲಿ ಅವಳಿಗೆ ದಾರಿಯಲ್ಲೇ ಫಿಟ್ಸ್ ಬರುತ್ತದೋ ಎಂಬ ಹೆದರಿಕೆಯಲ್ಲಿ ರಾಮದುರ್ಗದ ಆಸ್ಪತ್ರೆಯವರೆಗೂ ಹಸೀನಾಳ ಮುಖ ಬಿಟ್ಟು ಬೇರೇನೂ ನೋಡಲಿಲ್ಲ. ಡಾಕ್ಟರು ಅಂದೇ ಆಪರೇಷನ್ ಮಾಡಿದರು. ಹೆಣ್ಣು ಮಗು; ತಾಯಿ, ಮಗಳು ಇಬ್ಬರೂ ಉಳಿದರು.

ಮೂರನೆಯ ದಿನ ನೋಡಲು ಹೋದೆ. ಅತ್ತೆ ನನ್ನ ತಲೆ ಸವರಿ, ಹತ್ತಿರ ಕೂಡಿಸಿಕೊಂಡು, ಬಾಣಂತಿಗೆ ಯಾಕೆ ನೀರು ಕುಡಿಸಬಾರದು ಎಂದು ಅರ್ಧ ತಾಸು ತಿಳಿಹೇಳಿದರು. ಕುಡಿಸಬೇಕು ಎಂದು ಅವರನ್ನು ಒಪ್ಪಿಸಲು ನನಗೆ ಒಂದು ತಾಸು ಹಿಡಿಯಿತು. ನಮ್ಮ ಡಿಗ್ರಿಯಲ್ಲಿ ಅತ್ತೆಯಂದಿರ ಮೇಲೆಯೇ ಒಂದು ಪೇಪರ್ ಇಡಬೇಕಿತ್ತು.