ಬಿಸಿಲಿಗೆ ತಂದ ಅಕ್ಷರಗಳು

ಬೆಳಂಬಾರದ ನಮ್ಮ ಮನೆಯ ಮುಂದೆ ಮೀನು ಒಣಗಲು ಹಾಕಿದರೆ ಕಾಗೆ ಓಡಿಸಲು ಮಗಳು ಕೂರುತ್ತಿರಲಿಲ್ಲ. ಬಿಸಿಲಲ್ಲಿ ಕಾಗೆ ಕಾಣುವುದಿಲ್ಲ ಎನ್ನುತ್ತಿದ್ದಳು. ಸಂಜೆಯಾದರೆ ಅದೇ ಹುಡುಗಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ನನಗೆ ಸಿಟ್ಟು, ಒಳಗೊಳಗೆ ಹೆದರಿಕೆ.

ಅರ್ಗಾದಲ್ಲಿ ನೌಕಾನೆಲೆ ಏಳುತ್ತಿದ್ದ ವರ್ಷ ಅವಳನ್ನು ಕಾರವಾರದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಪರದೆ ಎಳೆದ ಕೋಣೆಯಲ್ಲಿ ಅವಳು ಗೋಡೆಗೆ ತೂಗುಹಾಕಿದ ಬೋರ್ಡಿನ ಅಕ್ಷರಗಳನ್ನು ಕೊನೆಯ ಸಾಲೊಂದನ್ನು ಬಿಟ್ಟು ಎಲ್ಲ ಓದಿದಳು.

“ಕಣ್ಣು ಚಲೋನೇ ಇದೆ,” ಎಂದರು ಡಾಕ್ಟರು.

ಹೊರಗೆ ಬಂದವನೇ ಬೈಯಲು ತಿರುಗಿದೆ. ಅವಳು ಮೆಟ್ಟಿಲಿನ ಅಂಚನ್ನು ಕಾಲಿನಿಂದ ತಡವಿ ಹುಡುಕುತ್ತಿದ್ದಳು.

“ಅಪ್ಪಾ, ಎಲ್ಲಿದ್ದೀ?”

ನಾನು ಎರಡು ಮಾರು ದೂರದಲ್ಲಿ, ಅವಳೆದುರೇ ನಿಂತಿದ್ದೆ.

ಮತ್ತೆ ಒಳಗೆ ಹೋಗಿ, “ಡಾಕ್ಟ್ರೇ, ಆ ಬೋರ್ಡು ಒಮ್ಮೆ ಬಿಸಿಲಿಗೆ ತನ್ನಿ,” ಎಂದು ಅಂಗಲಾಚಿದೆ. ಅವರು ತಂದು ಅಂಗಳದಲ್ಲಿ ಹಿಡಿದರು. ಮಗಳಿಗೆ ಎಲ್ಲಕ್ಕಿಂತ ದೊಡ್ಡ ಅಕ್ಷರವೂ ಕಾಣಲಿಲ್ಲ.

ಇದಕ್ಕೆ ಹಗಲು ಕುರುಡು ಎನ್ನುತ್ತಾರೆ ಎಂದರು ಡಾಕ್ಟರು. ಇರುಳು ಕುರುಡು ಕೇಳಿದ್ದೆ. ಇದಕ್ಕೂ ಒಂದು ಹೆಸರಿದೆಯೆಂದು ಗೊತ್ತಿರಲಿಲ್ಲ. ಎರಡು ವರ್ಷದಿಂದ ಮನೆಯಲ್ಲಿ ನಾನು ಅದನ್ನು ಸೋಗು ಎಂದು ಕರೆಯುತ್ತಿದ್ದೆ.