ಇನ್ನೊಂದ್ಸಲ ಓಡಿಸು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಕೆಂಪಕ್ಕ ಎಂದೇ ಕರೆಯುತ್ತಿದ್ದರು. ಕಂಪನಿಯ ಪ್ರೋಗ್ರಾಮಿನಲ್ಲಿ ತಪ್ಪಿದೆಯೇ ಎಂದು ನೋಡಲು ಅವಳು ಬರೆದ ಪರೀಕ್ಷೆಯನ್ನು ಕಂಪ್ಯೂಟರಿನಲ್ಲಿ ಓಡಿಸಿದರೆ ಪರದೆಯ ಮೇಲೆ ಒಮ್ಮೆ ಸರಿ ಎಂಬ ಹಸಿರು, ಒಮ್ಮೆ ತಪ್ಪು ಎಂಬ ಕೆಂಪು. ಕೆಂಪು ಬಂದರೆ ಅಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವವರಲ್ಲ. "ಇನ್ನೊಂದ್ಸಲ ಓಡಿಸು" ಎನ್ನುವುದು, ಹಸಿರು ಬರುವ ತನಕ ಗುಂಡಿ ಒತ್ತುವುದು, ಎದ್ದು ಕಾಫಿಗೆ ಹೋಗುವುದು. ಕರ್ಮ, ಇದಕ್ಕೂ ಕೆಲಸ ಅಂತಾರೆ!

ಅವಳ ತಂಗಿ ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಕೂರುತ್ತಾಳೆ, ಇದೇ ಕಂಪನಿಯ ಪ್ರೋಗ್ರಾಮಿನ ಮುಂದೆ. ಜನ ಹೆಚ್ಚಾದರೆ ಸಾಕು, ಅದು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಸಾಲಿನಲ್ಲಿದ್ದವರು ತಂಗಿಗೆ ಬಾಯಿಗೆ ಬಂದಂತೆ ಬೈಯುತ್ತಾರೆ. ಆಸ್ಪತ್ರೆಯವರು ವಿಚಾರಿಸಿದಾಗ ಕೆಂಪಕ್ಕನ ಮ್ಯಾನೇಜರ್ ಸಾಹೇಬರು, "ಪ್ರೋಗ್ರಾಮ್ ಸರಿಯಾಗೇ ಇದೆ, ನಿಮ್ಮ ಹುಡುಗೀಗೆ ಬಳಸೋಕೆ ಬರಲ್ಲ" ಎಂದು ಕೈತೊಳೆದುಕೊಂಡರು. ಈಗ ತಂಗಿಯ ಕೆಲಸಕ್ಕೇ ಕುತ್ತು ಬಂದಿತ್ತು.

"ತಪ್ಪು ಪ್ರೋಗ್ರಾಮಿಂದೇ ಸರ್. ಡೇಟಾಬೇಸ್ ಕನೆಕ್ಷನ್ ಮಧ್ಯದಲ್ಲಿ ಕಡಿದುಹೋದ್ರೆ ಅದನ್ನ ಬಿಡೋದೇ ಇಲ್ಲ, ಹಿಡ್ಕೊಂಡೇ ಕೂತಿರುತ್ತೆ. ಹಾಗೇ ಇರೋ ಕನೆಕ್ಷನ್ ಎಲ್ಲ ಖಾಲಿ ಆಗಿ ಪ್ರೋಗ್ರಾಮ್ ನಿಂತುಬಿಡುತ್ತೆ" ಎಂದಳು ಕೆಂಪಕ್ಕ, ಮ್ಯಾನೇಜರ್ ಮುಂದೆ ನಿಂತು.

"ನಿನ್ನ ಪರೀಕ್ಷೆ ಬೆಳಿಗ್ಗೆ ಒಂದು ಹೇಳುತ್ತೆ, ಸಂಜೆ ಇನ್ನೊಂದು. ಅದನ್ನ ನಂಬೋದಾ? ನಾಳೆ ತೆಗೆದುಹಾಕಮ್ಮ."

ಕೆಂಪಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಆ ಸಿಟ್ಟಿನಲ್ಲೇ ತಾನು ಬರೆದದ್ದನ್ನು ಮತ್ತೆ ಓದಿದಳು. ಕನೆಕ್ಷನ್ ಕಡಿ, ಎರಡು ಸೆಕೆಂಡು ಕಾಯಿ, ಪ್ರೋಗ್ರಾಮ್ ಅದನ್ನು ಬಿಟ್ಟಿತೇ ನೋಡು. ಅಲ್ಲ, ಎರಡೇ ಸೆಕೆಂಡು ಸಾಕು ಎಂದವರು ಯಾರು? ಯಂತ್ರ ನಿಧಾನವಾದಾಗ ಕನೆಕ್ಷನ್ ಇನ್ನೂ ಕಡಿದೇ ಇರುವುದಿಲ್ಲ. ಪ್ರೋಗ್ರಾಮ್ ಅದನ್ನು ಮಾಮೂಲಿನಂತೆ ಬಿಡುತ್ತದೆ, ಪರೀಕ್ಷೆ ಎಲ್ಲ ಸರಿಯಿದೆ ಎಂದು ಹಸಿರು ತೋರಿಸಿಬಿಡುತ್ತದೆ! ಅಗುಳು ಹಿಸುಕಿ ನೋಡದೆ ಗಡಿಯಾರ ನೋಡಿ ಅನ್ನ ಇಳಿಸಿದ ಹಾಗೆ. ಥೂ, ಇಷ್ಟು ದಿನ ಸುಳ್ಳು ಹೇಳಿದ್ದು ಆ ಹಾಳು ಹಸಿರು.

ಎರಡು ಸೆಕೆಂಡು ಕಾಯಿ ಎಂದು ಬರೆದಿದ್ದ ಸಾಲನ್ನು ಪರೀಕ್ಷೆಯಿಂದ ಕಿತ್ತೆಸೆದಳು. ಕಡಿದಿದೆ ಎಂದು ಡೇಟಾಬೇಸೇ ಹೇಳುವ ತನಕ ಕೇಳುತ್ತಿರು, ಆಮೇಲೆ ನೋಡು ಎಂದು ಬರೆದಳು.

ಮರುದಿನ ಮ್ಯಾನೇಜರ್ ಬಂದು ಪರದೆ ನೋಡಿದರು. "ಮತ್ತೆ ಕೆಂಪಾ? ಇನ್ನೊಂದ್ಸಲ ಓಡಿಸು."

ಅವಳು ಕುರ್ಚಿ ಬಿಟ್ಟೆದ್ದಳು. "ನೀವೇ ಓಡಿಸಿ ಸರ್."

ಒತ್ತಿದರು. ಕೆಂಪು. ಮತ್ತೆ ಒತ್ತಿದರು. ಕೆಂಪು. ಕಾಫಿ ಲೋಟ ಹಿಡಿದವರೆಲ್ಲ ಹಿಂದೆ ಬಂದು ನಿಂತರು. ಒತ್ತಿ ಒತ್ತಿ ಸಾಕಾಗಿ ಮ್ಯಾನೇಜರ್ ಬೆರಳು ತೆಗೆದರು. ಪೆಚ್ಚುಮೋರೆ ಹಾಕಿಕೊಂಡು ಆಸ್ಪತ್ರೆಗೆ ಫೋನ್ ಮಾಡಿದರು. "ತಪ್ಪು ನಮ್ಮದೇ. ಆ ಹುಡುಗೀದೇನೂ ಇಲ್ಲ."

ಸ್ವಲ್ಪ ಹೊತ್ತಿಗೆ ತಂಗಿಯ ಫೋನು. "ಅಕ್ಕಾ, ಏನಾಯ್ತೇ ಅಲ್ಲಿ?"

"ಕೆಂಪು ಕಣೇ! ಎಷ್ಟು ಸಲ ಒತ್ತಿದ್ರೂ ಕೆಂಪು!" ಎಂದವಳೇ ಕೆಂಪಕ್ಕ ಗಳಗಳನೆ ಅತ್ತುಬಿಟ್ಟಳು.